ರನ್‌ವೇ ಉದ್ದವಿದೆ, ಗಾಳಿ ತೆಳುವಾಗಿದೆ

ಶಿವಮೊಗ್ಗ, 19 ಏಪ್ರಿಲ್ 2025, ಶನಿವಾರ

ಮಧ್ಯಾಹ್ನ ಮೂರು ಗಂಟೆ. ಜಗಲಿಯ ಥರ್ಮಾಮೀಟರ್ 38 ತೋರಿಸುತ್ತಿದೆ. ಹಪ್ಪಳ ಒಣಗಿಸಲು ಹೇಳಿ ಮಾಡಿಸಿದ ಬಿಸಿಲು. ಬೇಸಿಗೆ ಬಂತೆಂದರೆ ಗೋಪಿ ಸರ್ಕಲ್ಲಿನ ಕಾಫಿ ಹೊತ್ತಿನಲ್ಲೂ ವಾಟ್ಸಾಪ್ ಗುಂಪಿನಲ್ಲೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಬಿಸಿಲಿಗೆ ಭಾರ ಜಾಸ್ತಿ ಆಯ್ತು ಅಂತ ವಿಮಾನದಿಂದ ಬ್ಯಾಗ್ ಇಳಿಸ್ತಾರಂತಲ್ಲ, ನಮ್ಮ ಸೊಗಾನೆ ಏರ್‌ಪೋರ್ಟಲ್ಲಿ ಹಾಗಾಗೋದಿಲ್ಲ ಬಿಡಿ, 3,200 ಮೀಟರ್ ರನ್‌ವೇ ಇದೆ. ಮಂಗಳೂರಿನದು ಬರೀ 2,450." ರನ್‌ವೇ ಅಳತೆ ಸರಿ, ತೀರ್ಮಾನ ತಪ್ಪು. ಹಾಗಾಗಿ ಇವತ್ತಿನ ಪುಟ ಈ ಲೆಕ್ಕಕ್ಕೆ.

ಹೊಸಂಗಡಿಯಿಂದ ಹುಲಿಕಲ್ ಘಾಟಿ ಹತ್ತುವ ಲಾರಿಯನ್ನು ನೆನಪಿಸಿಕೊಳ್ಳಿ. ಕೆಳಗೆ ಎಷ್ಟು ಉದ್ದದ ಚಪ್ಪಟೆ ರಸ್ತೆ ಇದ್ದರೇನು, ತಿರುವಿನಲ್ಲಿ ಏರು ಶುರುವಾದಾಗ ಎಂಜಿನ್ನಿಗೆ ದಮ್ಮಿರಬೇಕು. ವಿಮಾನದ್ದೂ ಅದೇ ಕಥೆ, ಒಂದು ಷರತ್ತು ಜಾಸ್ತಿ: ಎರಡು ಎಂಜಿನ್ನಲ್ಲಿ ಒಂದು ನಿಂತುಹೋಗಿದೆ ಎಂದೇ ಹಿಡಿದು ಏರಿನ ಲೆಕ್ಕ ಹಾಕಬೇಕು. ಚಕ್ರ ಮಡಚಿ, ನಿಂತ ಎಂಜಿನ್ನಿನ ಪ್ರೊಪೆಲರನ್ನು ಗಾಳಿಗೆ ಅಡ್ಡವಾಗದಂತೆ ತಿರುಗಿಸಿ, ರೆಕ್ಕೆಯ ಹಿಂಬದಿಯ ಪಟ್ಟಿ (ಫ್ಲಾಪ್) ಟೇಕಾಫ್ ಸ್ಥಾನದಲ್ಲೇ ಇರುವಾಗ, ಉಳಿದ ಒಂದೇ ಎಂಜಿನ್ನಿನಲ್ಲಿ ಶೇ 2.4 ಏರು ಸಿಗಲೇಬೇಕು. ಸಾವಿರ ಮೀಟರ್ ಮುಂದೆ ಹೋದರೆ 24 ಮೀಟರ್ ಮೇಲೆ. ಎರಡು ಎಂಜಿನ್ನಿನ ದೊಡ್ಡ ಪ್ರಯಾಣಿಕ ವಿಮಾನಗಳಿಗೆಲ್ಲ ಇದೇ ನಿಯಮ. ಈ ಏರಿಗೆ ಎಷ್ಟು ತೂಕ ಸಾಧ್ಯ ಎಂಬುದನ್ನು ಕ್ಲೈಂಬ್ ಲಿಮಿಟ್ ಎನ್ನುತ್ತಾರೆ. ಅದು ನಿಂತಿರುವುದು ಎತ್ತರ ಮತ್ತು ಉಷ್ಣತೆಯ ಮೇಲೆ. ರನ್‌ವೇ ಉದ್ದ ಆ ಚಾರ್ಟಿನಲ್ಲಿ ಕಾಣಿಸುವುದೇ ಇಲ್ಲ.

ಮುಂದೆ ಗುಡ್ಡ, ಮೊಬೈಲ್ ಟವರ್ ಇದ್ದರೆ ಲೆಕ್ಕ ಇನ್ನೂ ಬಿಗಿ. ಆಗ ಆ 2.4ರಲ್ಲಿ 0.8 ಕಳೆದು, 1.6 ಮಾತ್ರ ಏರುತ್ತೇವೆ ಎಂದು ಹಿಡಿದು, ಅಡ್ಡಿಯ ತುದಿಗಿಂತ ಕನಿಷ್ಠ 35 ಅಡಿ ಮೇಲೆ ಹಾಯಬೇಕು. ಐದು ಕಿಲೋಮೀಟರಿಗೆ ಕಾಗದದ ಮೇಲೆ 80 ಮೀಟರ್ ಏರು. ಮಲೆನಾಡಿನ ಅಂಚಿನಲ್ಲಿ 80 ಮೀಟರ್ ಏನೂ ಅಲ್ಲ. ವಿಮಾನ ನಿಲ್ದಾಣದ ಸುತ್ತ ಟವರಿಗೂ ಎತ್ತರದ ಕಟ್ಟಡಕ್ಕೂ ಎನ್‌ಒಸಿ ಕೇಳುವುದು ಇದಕ್ಕೇ.

ಈಗ ಗಾಳಿಯ ವಿಷಯ. ಸೊಗಾನೆ ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಮೇಲಿದೆ. ಲೆಕ್ಕದ ಮಾದರಿ ವಾತಾವರಣದಲ್ಲಿ ಸಮುದ್ರಮಟ್ಟಕ್ಕೆ 15 ಡಿಗ್ರಿ, ಸಾವಿರ ಅಡಿಗೆ ಎರಡರಂತೆ ಇಳಿದರೆ ಇಲ್ಲಿಗೆ 11 ಡಿಗ್ರಿ. ಇವತ್ತು 38, ಅಂದರೆ 27 ಡಿಗ್ರಿ ಹೆಚ್ಚು. ಡಿಗ್ರಿಗೆ ಸುಮಾರು 120 ಅಡಿಯಂತೆ ಸೇರಿಸಿ: 3,240. ವಿಮಾನದ ಮಟ್ಟಿಗೆ ಸೊಗಾನೆ ಈ ಮಧ್ಯಾಹ್ನ 5,240 ಅಡಿ ಎತ್ತರದ ಊರು. ಬೆಳಗಿನ ಜಾವ 22 ಡಿಗ್ರಿ ಇದ್ದಾಗ ಅದೇ ಊರು 3,320 ಅಡಿಯಲ್ಲಿತ್ತು. ಗಾಳಿಯ ಒತ್ತಡ ಇಳಿದಿದ್ದರೆ ಪ್ರತಿ ಹೆಕ್ಟೊಪಾಸ್ಕಲ್‌ಗೆ ಇನ್ನೊಂದು 28 ಅಡಿ ಮೇಲೆ ಹಾಕಿಕೊಳ್ಳಿ.

ತೂಕದ ಭಾಷೆಯಲ್ಲಿ ಹೇಳುವುದಾದರೆ, ಸಮುದ್ರಮಟ್ಟದ ಮಾದರಿ ಗಾಳಿ ಘನ ಮೀಟರಿಗೆ 1.225 ಕೆ.ಜಿ. ಇವತ್ತಿನ ಸೊಗಾನೆ ಗಾಳಿ ಸುಮಾರು 1.055. ಶೇ 14 ತೆಳು. ರೆಕ್ಕೆಗೆ ಕಡಿಮೆ ಹಿಡಿತ, ಪ್ರೊಪೆಲರಿಗೆ ಕಡಿಮೆ ಹಿಡಿತ, ಎಂಜಿನ್ನಿನ ಒಳಗೆ ಹೋಗುವ ಗಾಳಿಯೂ ಕಡಿಮೆ. ಮೂರು ಕಡೆಯಿಂದಲೂ ಒಟ್ಟಿಗೆ ಹೊಡೆತ. ಅದೇ ರೆಕ್ಕೆಬಲ ಬರಲು ವೇಗ ಹೆಚ್ಚಬೇಕು: ಗೇಜಿನಲ್ಲಿ 110 ನಾಟ್ ಇದ್ದಾಗ ಗಾಳಿಯಲ್ಲಿ ನಿಜವಾದ ವೇಗ 118 ದಾಟಿರುತ್ತದೆ. ವೇಗ ಶೇ 8ರ ಹತ್ತಿರ ಹೆಚ್ಚಿದರೆ ಬ್ರೇಕ್ ಹೀರಬೇಕಾದ ಶಕ್ತಿ ಶೇ 16 ಹೆಚ್ಚು. ಇದು ಮುಂದೆ ಮತ್ತೆ ಬರುತ್ತದೆ.

ಎಂಜಿನ್ನಿಗೆ ಒಂದು ಮೊಣಕೈ ಬಿಂದು ಇದೆ. ಒಂದು ಉಷ್ಣತೆಯವರೆಗೆ (ಎಷ್ಟೋ ಜೆಟ್ ಎಂಜಿನ್ನುಗಳಿಗೆ ಸಮುದ್ರಮಟ್ಟದಲ್ಲಿ ಸುಮಾರು 30 ಡಿಗ್ರಿ) ಹೇಳಿದಷ್ಟು ಬಲ ಪೂರ್ತಿ ಕೊಡುತ್ತದೆ. ಅಲ್ಲಿಂದಾಚೆ ಟರ್ಬೈನಿನ ಬಿಸಿ ಮಿತಿ ಮುಟ್ಟುವುದರಿಂದ ಬಲವನ್ನು ಇಳಿಸಲೇಬೇಕು. ಅಲ್ಲಿವರೆಗೆ ಮೆಲ್ಲಗೆ ಇಳಿಯುತ್ತಿದ್ದ ಟೇಕಾಫ್ ತೂಕದ ಗೆರೆ ಅಲ್ಲಿಂದ ಕಡಿದಾಗಿ ಜಾರುತ್ತದೆ. 29ರಿಂದ 30ಕ್ಕೆ ಹೋದ ಒಂದು ಡಿಗ್ರಿಗೂ 37ರಿಂದ 38ಕ್ಕೆ ಹೋದ ಒಂದು ಡಿಗ್ರಿಗೂ ಬೆಲೆ ಬೇರೆ. ವೇಳಾಪಟ್ಟಿ ಮಾಡುವವರು ಹೆಚ್ಚಾಗಿ ಎಡವುವುದು ಈ ಮೊಣಕೈಯಲ್ಲೇ.

ಎಟಿಆರ್ 72-600 ಎಂಬ ಎರಡು ಪ್ರೊಪೆಲರಿನ ವಿಮಾನದಲ್ಲಿ ಮಾಮೂಲಿ ಟೇಕಾಫಿಗೆ ಪ್ರತಿ ಎಂಜಿನ್ 2,475 ಅಶ್ವಶಕ್ತಿ. ಒಂದು ಕೈಕೊಟ್ಟರೆ ಇನ್ನೊಂದು ತಾನಾಗಿ 2,750ಕ್ಕೆ ಏರುತ್ತದೆ. ಒಳ್ಳೆಯ ವ್ಯವಸ್ಥೆಯೇ, ಆದರೆ ಆ ಹೆಚ್ಚುವರಿ ಬಲವೂ ಟರ್ಬೈನಿನ ಬಿಸಿ ಮಿತಿಯೊಳಗೇ ಸಿಗಬೇಕು. ಎಂಜಿನ್ ಹಳೆಯದಾದಷ್ಟೂ, ಕಂಪ್ರೆಸರ್ ಬ್ಲೇಡಿನ ಮೇಲೆ ಧೂಳು ಕೂತಷ್ಟೂ ಅದೇ ಬಲಕ್ಕೆ ಹೆಚ್ಚು ಬಿಸಿಯಾಗುತ್ತದೆ. ಬೇಸಿಗೆಗೆ ಮುಂಚೆ ಕಂಪ್ರೆಸರಿಗೆ ನೀರು ಹೊಡೆದು ತೊಳೆಸುವುದು ಅತ್ಯಂತ ಅಗ್ಗದ ಮದ್ದು. "ಮುಂದಿನ ಚೆಕ್‌ಗೆ ಮಾಡೋಣ" ಎಂದು ಮುಂದೂಡುವುದೂ ಅದನ್ನೇ.

ವಿಮಾನದ ತೂಕದ ಲೆಕ್ಕ ಬರೆಯುವ ಲೋಡ್ ಶೀಟಿನ ಮೇಲೆ ಇದು ಹೇಗೆ ಕಾಣುತ್ತದೆ ನೋಡೋಣ. ಅಂಕಿಗಳು ಲೆಕ್ಕ ತೋರಿಸಲು ಹಿಡಿದವು, ಯಾವ ಕಂಪನಿಯ ವಿಮಾನದ್ದೂ ಅಲ್ಲ. ಸಿಬ್ಬಂದಿ, ತಿಂಡಿ ಗಾಡಿ ಸೇರಿ ಖಾಲಿ ವಿಮಾನ 13,600 ಕೆ.ಜಿ. ಎನ್ನಿ. 78 ಸೀಟು ತುಂಬಿದೆ. ದೊಡ್ಡವರಿಗೆ ಕೈಚೀಲ ಸೇರಿ ತಲಾ 75 ಕೆ.ಜಿ. ಎಂದು ಹಿಡಿಯುವುದು ನಮ್ಮಲ್ಲಿನ ವಾಡಿಕೆ: 5,850. ಬೆಲ್ಟಿಗೆ ಹಾಕಿದ ಬ್ಯಾಗ್ ತಲಾ 15 ಕೆ.ಜಿ.: 1,170. ಇಂಧನ 1,700. ಒಟ್ಟು 22,320. ಈ ವಿಮಾನದ ಗರಿಷ್ಠ ಟೇಕಾಫ್ ತೂಕ 23,000, ಹಾಗಾಗಿ ಜನವರಿ ಬೆಳಿಗ್ಗೆ ಯಾರೂ ಮಾತಾಡುವುದಿಲ್ಲ. ಇವತ್ತು ಮೂರು ಗಂಟೆಗೆ ಕ್ಲೈಂಬ್ ಚಾರ್ಟ್ 21,900 ಎಂದಿತು ಅನ್ನಿ. 420 ಕೆ.ಜಿ. ಹೆಚ್ಚಾಯಿತು. ಅಡಿಕೆ ಮಂಡಿಯ ಲೆಕ್ಕದಲ್ಲಿ ಇದು ಆರು ಮೂಟೆಗೆ ಸಮ.

ಇಳಿಸುವುದಕ್ಕೂ ಒಂದು ಕ್ರಮ ಇದೆ. ಮೊದಲು ಸರಕು. ಅದಿಲ್ಲದಿದ್ದರೆ ಹೆಚ್ಚುವರಿ ಇಂಧನ: ಮುಂದಿನ ಊರಿನಲ್ಲಿ ದುಬಾರಿ ಎಂದೋ, ಸಿಗುವುದಿಲ್ಲ ಎಂದೋ ಹೊತ್ತೊಯ್ಯುವ ಪಾಲು. ಆ 1,700ರಲ್ಲಿ ಅಂಥದ್ದು 250 ಇದ್ದರೆ ಅಷ್ಟು ಹೋಯಿತು. ಪ್ರಯಾಣದ ಇಂಧನ, ಬದಲಿ ನಿಲ್ದಾಣದ್ದು, ಅರ್ಧ ಗಂಟೆ ಸುತ್ತಾಡುವಷ್ಟು ಕೊನೆಯ ಮೀಸಲು, ಇವನ್ನು ಮುಟ್ಟುವಂತಿಲ್ಲ. ಇನ್ನು ಉಳಿದದ್ದು 170 ಕೆ.ಜಿ. ಅದಕ್ಕೆ 12 ಬ್ಯಾಗ್ ಇಳಿಸಬೇಕು, ಇಲ್ಲವೇ ಬ್ಯಾಗ್ ಸಮೇತ ಇಬ್ಬರನ್ನು. ಬ್ಯಾಗ್ ಇಳಿಸಿದರೆ ತೂಕದ ಸಮತೋಲ ಮತ್ತೆ ನೋಡಬೇಕು, ಏಕೆಂದರೆ ಹಿಂದಿನ ಡಿಕ್ಕಿಯಿಂದ 180 ಕೆ.ಜಿ. ಹೋದರೆ ಭಾರಕೇಂದ್ರ ಮುಂದಕ್ಕೆ ಸರಿಯುತ್ತದೆ.

ಅದಕ್ಕೂ ಮುಂಚೆ ಪೈಲಟ್ ಕೈಯಲ್ಲಿ ಒಂದೆರಡು ಉಪಾಯ ಇವೆ. ಟೇಕಾಫ್ ಹೊತ್ತಿಗೆ ಎಂಜಿನ್ನಿನಿಂದ ಎಸಿಗೆ ಹೋಗುವ ಗಾಳಿಯನ್ನು ಮುಚ್ಚುವುದು ಒಂದು. ಆ ಬಲವೂ ಎಂಜಿನ್ನಿಗೇ ಸಿಗುತ್ತದೆ, ಒಳಗೆ ಕೂತವರಿಗೆ ಕೆಲವು ನಿಮಿಷ ಸೆಖೆ. ಇನ್ನೊಂದು, ಉದ್ದ ರನ್‌ವೇಯನ್ನು ಬಳಸಿಕೊಳ್ಳುವುದು: ಬೇಗ ಏಳದೆ ಇನ್ನಷ್ಟು ವೇಗ ಕೂಡಿಸಿಕೊಂಡು ಎದ್ದರೆ ಏರು ಚೆನ್ನಾಗಿ ಸಿಗುತ್ತದೆ. ದೊಡ್ಡ ಜೆಟ್‌ಗಳಲ್ಲಿ ಇದು ರೂಢಿಯ ವಿಧಾನ. ಸೊಗಾನೆಯ 3,200 ಮೀಟರ್ ಬೇಸಿಗೆಯಲ್ಲಿ ಉಪಯೋಗಕ್ಕೆ ಬರುವುದು ಹೀಗೆ, ಸುತ್ತುದಾರಿಯಲ್ಲಿ. ಇದಕ್ಕೂ ಟೈರ್ ವೇಗದ ಮಿತಿ, ಬ್ರೇಕ್ ಶಕ್ತಿಯ ಮಿತಿ ಅಡ್ಡ ಬರುತ್ತವೆ.

ಶಿಮ್ಲಾದಲ್ಲಿ ತಿರುಗುಮುರುಗು. ಅಲ್ಲಿ ರನ್‌ವೇ 1,200 ಮೀಟರಿನ ಆಸುಪಾಸು, ಗುಡ್ಡದ ನೆತ್ತಿ ಕಡಿದು ಮಾಡಿದ್ದು. ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಹಾರಿದ್ದು ಅಲ್ಲಿಂದಲೇ. ಅಲ್ಲಿ ಸೀಟು ಖಾಲಿ ಬಿಡಿಸುವುದರಲ್ಲಿ ರನ್‌ವೇ ಉದ್ದದ್ದೇ ದೊಡ್ಡ ಕೈ. ಲೇಹ್‌ನಲ್ಲಿ ಎತ್ತರವೇ 10,600 ಅಡಿ ದಾಟುವುದರಿಂದ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಬಂದು ಹೋಗುತ್ತವೆ. 2017ರ ಜೂನ್ 20ರಂದು ಅಮೆರಿಕದ ಫೀನಿಕ್ಸ್‌ನಲ್ಲಿ 40ಕ್ಕೂ ಹೆಚ್ಚು ಹಾರಾಟ ರದ್ದಾದ ಸುದ್ದಿಯನ್ನು ಪ್ರತಿ ಬೇಸಿಗೆ ಯಾರಾದರೂ ಫಾರ್ವರ್ಡ್ ಮಾಡುತ್ತಾರೆ. ಅದು ಮೂರನೆಯ ಬಗೆ. ಅಲ್ಲಿನ ಸಣ್ಣ ಸಿಆರ್‌ಜೆ ವಿಮಾನಗಳಿಗೆ ಅನುಮತಿಸಿದ ಗರಿಷ್ಠ ಉಷ್ಣತೆಯೇ 118 ಫ್ಯಾರನ್‌ಹೀಟ್, ಅಂದರೆ ಸುಮಾರು 48 ಸೆಲ್ಸಿಯಸ್. ಅದಕ್ಕಿಂತ ಮೇಲೆ ಖಾಲಿ ವಿಮಾನವನ್ನೂ ಎಬ್ಬಿಸುವಂತಿಲ್ಲ. ಶಿವಮೊಗ್ಗಕ್ಕೆ ಆ ಮಿತಿಯ ಭಯ ಇಲ್ಲ.

ಬಿಸಿಲಿನ ಇನ್ನೊಂದು ಪೆಟ್ಟು ನೆಲದ ಮೇಲೆ. ಎಟಿಆರ್‌ನಲ್ಲಿ ಬಾಲದಲ್ಲಿರುವ ಸಣ್ಣ ಎಂಜಿನ್, ಎಪಿಯು, ಇಲ್ಲ. ಬದಲಿಗೆ ಬಲಗಡೆಯ ಎಂಜಿನ್ ಓಡಿಸಿ, ಅದರ ಪ್ರೊಪೆಲರಿಗೆ ಬ್ರೇಕ್ ಹಾಕಿ, ಅದರಿಂದಲೇ ಕರೆಂಟು ಮತ್ತು ಎಸಿ ಪಡೆಯುತ್ತಾರೆ. ಹೋಟೆಲ್ ಮೋಡ್ ಎಂದು ಹೆಸರು. ಹಿಂದಿನಿಂದ ಗಾಳಿ ಜೋರಾಗಿದ್ದರೆ ಹೋಟೆಲ್ ಮೋಡ್ ನಡೆಯುವುದಿಲ್ಲ. ಹಾಗಾಗಿ ವಿಮಾನ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದೆ ಎಂಬುದರ ಮೇಲೆ ಒಳಗಿನ ಮಗು ಅಳುವುದೋ ಇಲ್ಲವೋ ನಿರ್ಧಾರವಾಗುತ್ತದೆ. ಗ್ರೌಂಡ್ ಎಸಿ ಗಾಡಿ ಇದ್ದರೆ ಈ ತಾಪತ್ರಯ ಇಲ್ಲ, ಆದರೆ ಚಿಕ್ಕ ನಿಲ್ದಾಣಕ್ಕೆ ಅಂಥ ಗಾಡಿ ಕೊಳ್ಳುವ ಪ್ರಸ್ತಾಪ ಬಜೆಟ್ ಮೀಟಿಂಗಿನಲ್ಲಿ ಮೊದಲ ಸುತ್ತಿಗೇ ಬೀಳುತ್ತದೆ.

ಬ್ರೇಕಿನ ಬಗ್ಗೆ ಹಿಂದೆ ಹೇಳಿದ ಶೇ 16 ಈಗ ಬರುತ್ತದೆ. ಏರ್‌ಬಸ್ ಎ320 ಜೆಟ್‌ನಲ್ಲಿ, ಬ್ರೇಕ್ ಆರಿಸುವ ಫ್ಯಾನ್ ಓಡದಿರುವಾಗ ಬ್ರೇಕ್ 300 ಡಿಗ್ರಿಗಿಂತ ಬಿಸಿ ಇದ್ದರೆ ಟೇಕಾಫ್ ಮಾಡುವಂತಿಲ್ಲ. 38 ಡಿಗ್ರಿ ಗಾಳಿಯಲ್ಲಿ ಬ್ರೇಕ್ ಆರುವುದೂ ನಿಧಾನ. 25 ನಿಮಿಷದಲ್ಲಿ ತಿರುಗಿ ಹೊರಡಬೇಕು ಎಂದು ಬರೆದ ವೇಳಾಪಟ್ಟಿ ಮೂರನೆಯ ಸುತ್ತಿಗೆ ಕುಂಟುತ್ತದೆ, ಐದನೆಯದಕ್ಕೆ ಮಲಗುತ್ತದೆ. ಟೈರ್ ಗಾಳಿಯನ್ನೂ ಬಿಸಿ ಇರುವಾಗ ನೋಡಿ "ಜಾಸ್ತಿ ಇದೆ" ಎಂದು ಬಿಡಬಾರದು. ಮೂರು ಡಿಗ್ರಿಗೆ ಶೇ 1ರಷ್ಟು ಒತ್ತಡ ತಾನಾಗಿ ಏರುತ್ತದೆ, ಆರಿದ ಮೇಲೆ ಕಡಿಮೆಯಾಗುತ್ತದೆ.

ಇಂಧನದಲ್ಲೂ ಒಂದು ಸಣ್ಣ ಬಲೆ. ಇಂಧನ ತುಂಬುವ ಟ್ಯಾಂಕರಿನ (ಬೌಸರ್) ಮೀಟರ್ ಲೀಟರಿನಲ್ಲಿ, ಲೋಡ್ ಶೀಟ್ ಕಿಲೋದಲ್ಲಿ. 15 ಡಿಗ್ರಿಯಲ್ಲಿ ಲೀಟರಿಗೆ 0.800 ಕೆ.ಜಿ. ತೂಗುವ ಇಂಧನ 38ರಲ್ಲಿ 0.783ರ ಹತ್ತಿರ. 1,700 ಕೆ.ಜಿ.ಗೆ ಹಳೇ ಲೆಕ್ಕದಲ್ಲಿ 2,125 ಲೀಟರ್ ಸಾಕು, ಇವತ್ತು 2,171 ಬೇಕು. ಸಾಂದ್ರತೆಯನ್ನು ಅಲ್ಲೇ ಅಳೆದು ಬರೆಯಬೇಕು, ನಿನ್ನೆಯ ಕಾಗದ ನೋಡಿ ಅಲ್ಲ.

ಇಷ್ಟೂ ಭೌತಶಾಸ್ತ್ರ ಮೊದಲೇ ಗೊತ್ತಿರುವಂಥದ್ದು, ಅಚ್ಚಾದ ಚಾರ್ಟಿನಲ್ಲಿದೆ. ಬಿಸಿ ಸೀಮೆಯ ಏರ್‌ಲೈನ್‌ಗಳು ಕೆಡುವುದು ಕಚೇರಿಯಲ್ಲಿ. ಬೇಸಿಗೆ ವೇಳಾಪಟ್ಟಿ ಮಾರ್ಚ್ ಕೊನೆಯ ಭಾನುವಾರದಿಂದ, ಈ ವರ್ಷ 30ರಿಂದ, ಜಾರಿ. ಅದನ್ನು ಕೂತು ಮಾಡುವುದು ಚಳಿಗಾಲದಲ್ಲಿ. ಬೆಳಗಿನ ಹೊತ್ತು ದೊಡ್ಡ ಊರುಗಳ ನಡುವಿನ ಲಾಭದ ಮಾರ್ಗಗಳಿಗೆ ಹೋಗುತ್ತದೆ, ಚಿಕ್ಕ ಊರಿಗೆ ಉಳಿಯುವುದು ಮಧ್ಯಾಹ್ನ ಒಂದರಿಂದ ನಾಲ್ಕು. ಅಂದರೆ ತೂಕ ಅತಿ ಕಡಿಮೆ ಏಳುವ ಹೊತ್ತಿಗೇ ಅಂಚಿನ ನಿಲ್ದಾಣ. ಮಾರಾಟದವರು 78 ಸೀಟೂ ಮಾರುತ್ತಾರೆ, ಏಕೆಂದರೆ ಅವರ ಪರದೆಯಲ್ಲಿ ಉಷ್ಣತೆಯ ಕಾಲಂ ಇಲ್ಲ. ಕೌಂಟರಿನಲ್ಲಿ ಬೈಗುಳ ತಿನ್ನುವವರು ಬೇರೆ. ಕೊನೆಗೆ ತಡವಾದ ಕಾರಣವನ್ನು ರಿಜಿಸ್ಟರಿನಲ್ಲಿ "ಹವಾಮಾನ" ಎಂದು ಬರೆದುಬಿಟ್ಟರೆ ಯಾವ ವಿಭಾಗದ ತಲೆಯ ಮೇಲೂ ಬೀಳುವುದಿಲ್ಲ. ಏಪ್ರಿಲ್‌ನಲ್ಲಿ 38 ಡಿಗ್ರಿ ಆಗುವುದಕ್ಕೆ ಹವಾಮಾನ ವೈಪರೀತ್ಯ ಅಂತ ಹೆಸರಿಟ್ಟರೆ ಅಜ್ಜಿಯೂ ನಗುತ್ತಾಳೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಹಿಂದಿನ ವರ್ಷಗಳ ಗಂಟೆವಾರು ಉಷ್ಣತೆ ತೆಗೆದು, ತಿಂಗಳು ಮತ್ತು ಹೊತ್ತಿಗೆ ತಕ್ಕಂತೆ, ಹತ್ತು ದಿನದಲ್ಲಿ ಒಂಬತ್ತು ದಿನ ಮೀರದಂಥ ಒಂದು ಅಂಕಿ ಹಿಡಿಯಬೇಕು. ಸರಾಸರಿ ಹಿಡಿದರೆ ಹೆಚ್ಚುಕಡಿಮೆ ಎರಡು ದಿನಕ್ಕೊಮ್ಮೆ ಬ್ಯಾಗ್ ಇಳಿಸುತ್ತ ಕೂರಬೇಕಾಗುತ್ತದೆ. ಆ ಅಂಕಿಗೆ ಬರುವ ತೂಕದಿಂದ ಎಷ್ಟು ಸೀಟು ಮಾರಬಹುದು ಎಂದು ಮೊದಲೇ ಬೀಗ ಹಾಕಿಡಬೇಕು, ತಂಪಿನ ದಿನ ಬಂದರೆ ಹಿಂದಿನ ದಿನ ಬಿಡಿಸಿಕೊಳ್ಳಬಹುದು. ಗಾಳಿಯನ್ನೂ ಆಶಾವಾದದಿಂದ ಹಿಡಿಯಬಾರದು: ನಿಯಮದಲ್ಲೇ ಎದುರುಗಾಳಿಯ ಅರ್ಧಕ್ಕಷ್ಟೇ ಲಾಭ, ಹಿಂಗಾಳಿಗೆ ಒಂದೂವರೆ ಪಟ್ಟು ದಂಡ.

ಥರ್ಮಾಮೀಟರ್ ಬಗ್ಗೆ ಒಂದು ಮಾತು. ಲೆಕ್ಕಕ್ಕೆ ಬೇಕಾದ್ದು ಹವಾಮಾನ ಕೇಂದ್ರದ ನೆರಳು ಪೆಟ್ಟಿಗೆಯ ಅಂಕಿ. ಬಿಸಿಲಲ್ಲಿ ನಿಂತ ವಿಮಾನದ ಸ್ವಂತ ಸಂವೇದಕ ಕಾದು ಕೆಲವು ಡಿಗ್ರಿ ಹೆಚ್ಚು ತೋರಿಸಬಹುದು. ನನ್ನ ಜಗಲಿಯದ್ದಂತೂ ಹಂಚಿನ ಬಿಸಿಗೆ ಸುಳ್ಳೇ ಹೇಳುತ್ತದೆ.

ಸಂಜೆ ಆರು. ತೀರ್ಥಹಳ್ಳಿ ಕಡೆಯಿಂದ ಮೋಡ ಕಟ್ಟಿ ಗುಡುಗು ಶುರುವಾಗಿ, ಇಪ್ಪತ್ತು ನಿಮಿಷ ಬಿಡದೆ ಸುರಿಯಿತು. ಥರ್ಮಾಮೀಟರ್ 24ಕ್ಕೆ ಇಳಿದಿದೆ, ಅಂದರೆ ಸೊಗಾನೆ 3,560 ಅಡಿಗೆ ಇಳಿದು ಕೂತಿದೆ. ಕ್ಲೈಂಬ್ ಲಿಮಿಟ್ ಬಿಡುಗಡೆ. ಆದರೆ ರನ್‌ವೇ ಒದ್ದೆ: ನಿಲ್ಲಲು ಹೆಚ್ಚು ಜಾಗ ಬೇಕು, ಹಾಗಾಗಿ ಟೇಕಾಫ್ ಕೈಬಿಡಬಹುದಾದ ಕೊನೆಯ ವೇಗವನ್ನು ಇಳಿಸಬೇಕು. ಆಗ ಒಂದೇ ಎಂಜಿನ್ನಿನಲ್ಲಿ ಮುಂದುವರಿದರೆ ರನ್‌ವೇ ತುದಿಯನ್ನು 35 ಅಡಿಯ ಬದಲು 15 ಅಡಿಯಲ್ಲಿ ದಾಟಿದರೂ ನಿಯಮಕ್ಕೆ ಸಾಕು. 3,200 ಮೀಟರಿನ ಉದ್ದ ನೇರವಾಗಿ ಕೆಲಸಕ್ಕೆ ಬರುವುದು ಇಂಥ ಸಂಜೆ.