ತಲೆಕಟ್ಟು ಕಿತ್ತರೆ ‘ಗಿ’

ವಿಜಯನಗರದ ಕಡೆ ಒಂದು ಪುಟ್ಟ ಶಾಲೆಯಲ್ಲಿ ಯುಕೆಜಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಮೊದಲ ವರ್ಷ ನನ್ನ ಹೆಮ್ಮೆಯೆಲ್ಲ ಗೋಡೆ ಮೇಲಿತ್ತು. ರಟ್ಟಿನ ಮೇಲೆ ನಾನು ಅಕ್ಷರ ಬರೆದುಕೊಡುವುದು, ಮಕ್ಕಳು ಅದರ ಮೇಲೆ ಹುಣಸೆ ಬೀಜ ಅಂಟಿಸುವುದು. (ಒಂದು ಬೀಜ ಒಬ್ಬನ ಮೂಗಿಗೂ ಹೋಗಿತ್ತು. ಆ ಮಧ್ಯಾಹ್ನದ ಕಥೆ ಬೇಡ ಬಿಡಿ.) ಅಪ್ಪ ಅಮ್ಮಂದಿರು ಬಂದು ಫೋಟೊ ತೆಗೆದುಕೊಂಡು ಹೋದರು.

ಜನವರಿಯಲ್ಲಿ ಒಬ್ಬ ಹುಡುಗಿಗೆ ಅವಳೇ ಅಂಟಿಸಿದ ‘ಗ’ ತೋರಿಸಿ, ಏನಮ್ಮ ಇದು ಅಂದೆ.

“ಹುಣಸೆ ಬೀಜ ಮಿಸ್.”

ಸರಿಯಾಗೇ ಹೇಳಿದಳು, ಅಲ್ವಾ? ಮುಕ್ಕಾಲು ಗಂಟೆ ಅಂಟಿನ ಜೊತೆ ಒದ್ದಾಡಿದ್ದಳು. ಅಷ್ಟು ಹೊತ್ತಲ್ಲಿ ‘ಗ’ ಅನ್ನುವ ಸದ್ದು ಅವಳ ಕಿವಿಗೆ ಬಿದ್ದದ್ದು ಒಂದೆರಡು ಸಲ. ಕೈಗೆ ಕೆಲಸ ಕೊಟ್ಟು ಬಾಯಿ ಮುಚ್ಚಿಸಿದವಳು ನಾನೇ.

ಮರುವರ್ಷ ಅಂಟು ಬಿಟ್ಟು ಚಪಾತಿ ಹಿಟ್ಟು ಹಿಡಿದೆ. 49 ಅಕ್ಷರ ಸಾಲಾಗಿ ಮುಗಿಸುವ ಆತುರವನ್ನೂ ಬಿಟ್ಟೆ. ಸರ್ಕಾರಿ ಶಾಲೆಯಲ್ಲಿ ಆಟದ ಜೊತೆ ಕಲಿಸುವ ‘ನಲಿಕಲಿ’ ಪದ್ಧತಿಯಲ್ಲಿ ಮಾಡುವ ಹಾಗೆ ರ, ಗ, ಸ, ದ, ಅ ಮೊದಲು. ಐದೇ ಅಕ್ಷರ, ಆದರೂ ಸರ, ರಸ, ದರ, ಅಗಸ, ಅರಸ ಎಲ್ಲ ಬರುತ್ತವೆ. ಗರಗಸ ಬಂದರೆ ಬೆಂಚು ಕೊಯ್ಯಲು ಶುರು.

ನಿಜವಾದ ಮಜಾ ಕಾಗುಣಿತದಲ್ಲಿ. ಹಿಟ್ಟನ್ನು ಹಗ್ಗದ ಹಾಗೆ ಹೊಸೆದು ‘ಗ’ ಮಾಡಿ, ತಲೆಕಟ್ಟನ್ನು ಬೇರೆ ತುಂಡಿನಲ್ಲಿ ಕೂರಿಸುತ್ತೇವೆ. “ಗ” ಅನ್ನುತ್ತಾ ಬೆರಳು ಆಡಿಸಬೇಕು. ಆಮೇಲೆ ತಲೆಕಟ್ಟು ಕಿತ್ತು ಗುಡಿಸು ಇಟ್ಟರೆ “ಗಿ”. ಕೊಂಬು ಕೊಡುವಾಗ ಮಾತ್ರ ತಲೆಕಟ್ಟು ಕೀಳಬಾರದು, ಅದು ಹಾಗೇ ಇದ್ದು ಪಕ್ಕದಲ್ಲಿ ಕೊಂಬು ಬಂದರೆ “ಗು”. ಬೋರ್ಡ್ ಮೇಲೆ ನಾನು ಎಷ್ಟು ಸಲ ಒರೆಸಿ ಬರೆದರೂ ಹತ್ತದ ಈ ವ್ಯತ್ಯಾಸ ಕಿತ್ತು ಅಂಟಿಸಿದಾಗ ತಲೆಗೆ ಹತ್ತಿತು. ಅಂಗಡಿಯ ಪ್ಲಾಸ್ಟಿಕ್ ಅಕ್ಷರದಲ್ಲಿ ತಲೆಕಟ್ಟು ಕೀಳಕ್ಕಾಗಲ್ಲ, ಅದಕ್ಕೇ ಅವು ಬೀರುವಿನಲ್ಲಿವೆ. ‘ಗಿ’ ಬಂದ ದಿನ ಒಬ್ಬ ತಾನೇ ‘ಗಿರಗಿರ’ ಜೋಡಿಸಿ, ಓದಿ, ತಲೆ ಸುತ್ತಿ ಬೀಳುವ ತನಕ ತಿರುಗಿದ.

ಮನೆಯಲ್ಲಿ ತೆಲುಗು ಮಾತಾಡುವ ಮಗುವಿನ ಅಜ್ಜಿ ಒಂದು ಸಂಜೆ ಹಿಟ್ಟಿನ ‘ರ’ ನೋಡಿ, ಇದು ನಮ್ಮದೂ ಅಕ್ಷರ ಅಂದರು. ತೆಲುಗಿನಲ್ಲೂ ತಲೆಕಟ್ಟಿಗೆ ತಲಕಟ್ಟು ಅಂತಲೇ ಹೆಸರು. ಅಲ್ಲಿಂದ ಆ ಮಗುವಿನ ಮನೆಪಾಠ ಅಜ್ಜಿಯದು.

ಈಗ ನಮ್ಮ ಗೋಡೆ ಬೋಳು. ಬೆಂಚಿನ ಕೆಳಗೆ ಒಣಗಿದ ತಲೆಕಟ್ಟು ಗುಡಿಸಿ ಸಾಕಾಯ್ತು ಅಂತ ಆಯಾ ಅಕ್ಕ ದಿನಾ ಬೈಯುತ್ತಾರೆ.