ಬಿಸಿಲ ನಾಡಿನವರಿಗೆ ಬಿಸಿಲು ಏನೂ ಮಾಡಲ್ವಾ?

ಪ್ರತಿ ವರ್ಷ ಶರಣಬಸವೇಶ್ವರ ಜಾತ್ರೆ ಮುಗಿಯುತ್ತಿದ್ದ ಹಾಗೆ ಈ ಪ್ರಶ್ನೆ ಶುರುವಾಗುತ್ತದೆ. ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಕ್ಲಾಸಿನ ಹುಡುಗರು ಕೇಳುತ್ತಾರೆ, ಆಟೋದವರು ಕೇಳುತ್ತಾರೆ, ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. "ನಾವು ಇಲ್ಲೇ ಹುಟ್ಟಿ ಬೆಳೆದವರು. ಬಿಸಿಲು ನಮ್ಮ ರಕ್ತದಾಗೇ ಅದ. ನಮಗೇನ್ ಆಗ್ತದ್ರಿ ಮೇಡಂ?"

ಮೈ ಬಿಸಿಲಿಗೆ ಒಗ್ಗುತ್ತದೆ, ಅದು ನಿಜ. ಆದರೆ ಅದು ಹುಟ್ಟಿನಿಂದ ಬರುವುದಲ್ಲ. ಪ್ರತಿ ಬೇಸಿಗೆಯಲ್ಲೂ ಮತ್ತೆ ಸಂಪಾದಿಸಬೇಕು.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ನನ್ನ ಕಾಕಾನ ಮಗ ಅಫಜಲಪುರದ ಕಡೆಯ ಹಳ್ಳಿಯವನು. ಎರಡು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಒಂದು ಏಪ್ರಿಲ್‌ನಲ್ಲಿ ಊರಿಗೆ ಬಂದ. ಮರುದಿನವೇ ಹೊಲಕ್ಕೆ ಹೋದ. ಬಿಸಿಲು ಬಡಿಯದಿರಲಿ ಅಂತ ಜೇಬಿನಲ್ಲಿ ಉಳ್ಳಾಗಡ್ಡಿ ಇತ್ತು, ತಲೆಗೆ ಟವೆಲ್ ಇತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಮಾತು ತೊದಲಿತು. ಯಾರು ಏನು ಕೇಳಿದರೂ ಸಂಬಂಧವಿಲ್ಲದ ಉತ್ತರ ಕೊಟ್ಟ. ಕಾಕಾ ಗಾಬರಿಯಾಗಿ ಪಂಪ್‌ಸೆಟ್ಟಿನ ನೀರಿನ ಕೆಳಗೇ ಕೂರಿಸಿದರು. ಆಮೇಲೆ ಆಸ್ಪತ್ರೆಗೆ ಒಯ್ದರು. ಆ ನೀರೇ ಅವನನ್ನು ಉಳಿಸಿತು ಅಂತ ನಾನು ಇವತ್ತಿಗೂ ನಂಬುತ್ತೇನೆ.

ಅವನ ಮೈಯಲ್ಲಿ ಏನು ನಡೆಯಿತು? ಅದನ್ನು ಹೇಳಬೇಕೆಂದರೆ ನಾನು ತುಂಬಾ ಪ್ರೀತಿಯಿಂದ ಪಾಠ ಮಾಡುವ ಒಂದು ಪ್ರೋಟೀನಿನ ವಿಷಯಕ್ಕೆ ಬರಬೇಕು. ಅದರ ಹೆಸರು ಹೀಟ್ ಶಾಕ್ ಫ್ಯಾಕ್ಟರ್ 1, ಚಿಕ್ಕದಾಗಿ ಎಚ್‌ಎಸ್‌ಎಫ್1. ಮನುಷ್ಯನಲ್ಲಿ ಇದು 529 ಅಮೈನೋ ಆಮ್ಲಗಳ ಸರಪಳಿ. ಇದರ ಜೀನ್ ಇರುವುದು 8ನೇ ಕ್ರೋಮೋಸೋಮಿನಲ್ಲಿ. ಇದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್, ಅಂದರೆ ಡಿಎನ್‌ಎ ಮೇಲೆ ಹೋಗಿ ಕೂತು, ಯಾವ ಜೀನನ್ನು ಈಗ ಓದಬೇಕು ಅಂತ ತೋರಿಸುವ ಪ್ರೋಟೀನು.

ಇಂಥದ್ದೊಂದು ಏರ್ಪಾಡು ಇದೆ ಅಂತ ಗೊತ್ತಾಗಿದ್ದು ಆಕಸ್ಮಿಕವಾಗಿ. ಇಟಲಿಯ ಫೆರುಚ್ಚಿಯೊ ರಿಟೊಸ್ಸಾ ಹಣ್ಣಿನ ನೊಣದ ಕ್ರೋಮೋಸೋಮುಗಳನ್ನು ನೋಡುತ್ತಿದ್ದರು. ಲ್ಯಾಬಿನಲ್ಲಿ ಯಾರೋ ಇನ್‌ಕ್ಯುಬೇಟರಿನ ಬಿಸಿ ಏರಿಸಿಬಿಟ್ಟಿದ್ದರು. ಆ ನೊಣಗಳ ಕ್ರೋಮೋಸೋಮು ಕೆಲವು ಜಾಗಗಳಲ್ಲಿ ಪೂರಿಯ ಹಾಗೆ ಉಬ್ಬಿತ್ತು. ಅಲ್ಲಿನ ಜೀನುಗಳು ಬಿಸಿಗೆ ಎದ್ದು ಕೆಲಸ ಶುರು ಮಾಡಿದ್ದವು. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಜೀನುಗಳಿಂದ ಬರುವ ಪ್ರೋಟೀನುಗಳು ಕಣ್ಣಿಗೆ ಬಿದ್ದದ್ದು 1974ರಲ್ಲಿ.

ಆ ಪ್ರೋಟೀನುಗಳು ಮಾಡುವ ಕೆಲಸ ಏನು? ಮೊಟ್ಟೆ ಬೇಯಿಸಿದರೆ ಬಿಳಿ ಭಾಗ ಗಟ್ಟಿಯಾಗುತ್ತದೆ, ಅಲ್ವಾ? ಪ್ರೋಟೀನಿನ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುವುದು ಅಂದರೆ ಅದೇ. ಜೀವಕೋಶ ಬಿಸಿಯಾದಾಗಲೂ ಒಳಗಿನ ಸೂಕ್ಷ್ಮ ಪ್ರೋಟೀನುಗಳ ಮಡಿಕೆ ಬಿಚ್ಚತೊಡಗುತ್ತದೆ. ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಎಂಬ ಸಹಾಯಕ ಪ್ರೋಟೀನುಗಳು ಅವುಗಳನ್ನು ಹಿಡಿದುಕೊಂಡು, ಅಂಟಿಕೊಳ್ಳದ ಹಾಗೆ ನೋಡಿಕೊಂಡು, ಮತ್ತೆ ಸರಿಯಾಗಿ ಮಡಚಲು ನೆರವಾಗುತ್ತವೆ.

ಈಗ ಎಚ್‌ಎಸ್‌ಎಫ್1 ವಿಷಯ. ಕ್ಲಾಸಿನಲ್ಲಿ ನಾನು ಇದನ್ನು ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮನಿಗೆ, ಅಂದರೆ ಆಳುಗಳನ್ನು ಕರೆತರುವ ಮೇಸ್ತ್ರಿಗೆ ಹೋಲಿಸುತ್ತೇನೆ. ಕೆಲಸ ಇಲ್ಲದ ದಿನ ಆಳುಗಳೆಲ್ಲ ಮುಕಾದಮನ ಸುತ್ತಲೇ ಕೂತಿರುತ್ತಾರೆ. ಅವನು ಏಳುವ ಹಾಗೂ ಇಲ್ಲ. ಜೀವಕೋಶದಲ್ಲೂ ಹಾಗೇ. ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಇವು ಎಚ್‌ಎಸ್‌ಎಫ್1ಗೆ ಅಂಟಿಕೊಂಡು ಅದನ್ನು ಸುಮ್ನೆ ಕೂರಿಸಿರುತ್ತವೆ. ಬಿಸಿ ಏರಿತು, ಮಡಿಕೆ ಬಿಚ್ಚಿದ ಪ್ರೋಟೀನುಗಳು ಜಾಸ್ತಿಯಾದವು ಅಂದುಕೊಳ್ಳಿ. ಆಳುಗಳೆಲ್ಲ ಆ ಕೆಲಸಕ್ಕೆ ಓಡುತ್ತಾರೆ. ಮುಕಾದಮ ಬಿಡುಗಡೆಯಾಗುತ್ತಾನೆ.

ಬಿಡುಗಡೆಯಾದ ಎಚ್‌ಎಸ್‌ಎಫ್1 ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಮೂರು ಸೇರಿ ಮೂರೆಳೆ ಹಗ್ಗದ ಹಾಗೆ ಹೆಣೆದುಕೊಳ್ಳುತ್ತವೆ. ಡಿಎನ್‌ಎ ಮೇಲೆ ಜಿ-ಎ-ಎ ಎಂಬ ಮೂರು ಅಕ್ಷರ ಮತ್ತೆ ಮತ್ತೆ ಬರುವ ಜಾಗಗಳಿವೆ. ಅಲ್ಲಿ ಹೋಗಿ ಗಟ್ಟಿಯಾಗಿ ಹಿಡಿಯುತ್ತವೆ. ಎಚ್‌ಎಸ್‌ಪಿ70 ಜೀನಿನ ಹೊಸಿಲಲ್ಲಿ ಓದುವ ಯಂತ್ರ ಮೊದಲೇ ಬಂದು ನಿಂತಿರುತ್ತದೆ, ಮುಂದೆ ಹೋಗಲು ಅಪ್ಪಣೆಗೆ ಕಾಯುತ್ತಿರುತ್ತದೆ. ಎಚ್‌ಎಸ್‌ಎಫ್1 ಬೇರೆ ಪ್ರೋಟೀನುಗಳನ್ನು ಕರೆತಂದು ಆ ತಡೆ ತೆಗೆಸುತ್ತದೆ. ಕೆಲವೇ ನಿಮಿಷದಲ್ಲಿ ಕೆಲಸ ಶುರು. ಹೊಸ ಆಳುಗಳು ಸಾಕಷ್ಟು ಬಂದು, ಕೆಲಸ ಮುಗಿದ ಮೇಲೆ ಅವರೇ ತಿರುಗಿ ಬಂದು ಮುಕಾದಮನನ್ನು ಕೂರಿಸುತ್ತಾರೆ. ಕರೆದವನನ್ನು ಬಂದವರೇ ನಿಲ್ಲಿಸುವ ಈ ಏರ್ಪಾಡು ನನಗೆ ಎಷ್ಟು ಸಲ ಪಾಠ ಮಾಡಿದರೂ ಹೊಸದೇ ಅನ್ನಿಸುತ್ತದೆ.

"ಹಾಗಾದರೆ ನಮ್ಮ ಎಚ್‌ಎಸ್‌ಎಫ್1 ಮೈಸೂರಿನವರದಕ್ಕಿಂತ ಗಟ್ಟಿ ಇರಬೇಕಲ್ಲ ಮೇಡಂ?" ಅಂತ ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಇದಕ್ಕೆ ನಾನು 1993ರ ಒಂದು ಪ್ರಯೋಗ ಹೇಳುತ್ತೇನೆ. ನಮ್ಮ ಎಚ್‌ಎಸ್‌ಎಫ್1 ಸಾಮಾನ್ಯವಾಗಿ ಏಳುವುದು 41-42 ಡಿಗ್ರಿಗೆ. ಅದೇ ಮನುಷ್ಯನ ಪ್ರೋಟೀನನ್ನು ಹಣ್ಣಿನ ನೊಣದ ಜೀವಕೋಶದೊಳಗೆ ಇಟ್ಟರು. ಆಗ ಅದು ಸುಮಾರು 9 ಡಿಗ್ರಿ ಕಡಿಮೆ ಬಿಸಿಗೇ ಎದ್ದಿತು, ನೊಣದ ಲೆಕ್ಕಕ್ಕೆ ಸರಿಯಾಗಿ! ಅಂದರೆ ಎಷ್ಟು ಬಿಸಿಗೆ ಏಳಬೇಕು ಅನ್ನುವುದು ಆ ಪ್ರೋಟೀನಿನಲ್ಲೇ ಬರೆದಿಲ್ಲ. ಅದು ಯಾರ ಜೊತೆ ಇದೆ ಅನ್ನುವುದರ ಮೇಲೆ ನಿಂತಿದೆ.

ಇನ್ನು ಕಲಬುರಗಿಯವರ ಮೈ ಒಳಗೂ 37 ಡಿಗ್ರಿ, ಮೈಸೂರಿನವರ ಮೈ ಒಳಗೂ 37 ಡಿಗ್ರಿ. ಹೊರಗೆ 44 ಇದ್ದರೂ ಒಳಗೆ 37ರ ಆಸುಪಾಸಿನಲ್ಲೇ ಇಡಲು ಬೆವರು, ಚರ್ಮದ ರಕ್ತನಾಳ, ಹೃದಯ ಎಲ್ಲ ದುಡಿಯುತ್ತವೆ. ಒಗ್ಗುವುದು ಅಂದರೆ ಮುಖ್ಯವಾಗಿ ಈ ದುಡಿಮೆ ಚುರುಕಾಗುವುದು. ಒಂದೆರಡು ವಾರ ದಿನಾ ಸ್ವಲ್ಪ ಸ್ವಲ್ಪ ಬಿಸಿಲಿನಲ್ಲಿ ಕೆಲಸ ಮಾಡಿದರೆ ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ರಕ್ತದ ನೀರಿನ ಅಂಶ ಹೆಚ್ಚುತ್ತದೆ. ಆದರೆ ತಂಪಿನ ಊರಿಗೆ ಹೋಗಿ ಕೆಲವು ವಾರ ಕಳೆದರೆ ಇದೆಲ್ಲ ಕರಗಿಹೋಗುತ್ತದೆ. ನನ್ನ ಕಾಕಾನ ಮಗನಿಗೆ ಆಗಿದ್ದು ಇದೇ. ಅವನು ಊರಿನವನೇ, ಆದರೆ ಆ ದಿನ ಅವನ ಮೈ ಬೆಂಗಳೂರಿನದು.

ಮೈ ಒಳಗಿನ ಬಿಸಿ 40 ದಾಟಿ, ಬುದ್ಧಿ ಮಂಕಾದರೆ ಅದು ಹೀಟ್ ಸ್ಟ್ರೋಕ್. ಎಚ್‌ಎಸ್‌ಎಫ್1ಗೆ ನಿಜವಾದ ಕೆಲಸ ಬೀಳುವುದು ಇಂಥ ಹೊತ್ತಿನಲ್ಲಿ. ಅದು ಸ್ವಲ್ಪ ಸಮಯ ಕೊಡಿಸುತ್ತದೆ, ಅಷ್ಟೇ. ಆ ಸಮಯದಲ್ಲಿ ಮೈಗೆ ನೀರು ಸುರಿಯಬೇಕು, ಗಾಳಿ ಹಾಕಬೇಕು, ಆಸ್ಪತ್ರೆಗೆ ಒಯ್ಯಬೇಕು. ಬುದ್ಧಿ ಮಂಕಾದವರ ಬಾಯಿಗೆ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗಬಹುದು. ಉಳ್ಳಾಗಡ್ಡಿಯನ್ನು ಜೇಬಿನಲ್ಲಿ ಇಡುವುದರಿಂದ ಇದ್ಯಾವುದೂ ಆಗುವುದಿಲ್ಲ. ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯುವುದು ಮಾತ್ರ ಹಿರಿಯರು ಹೇಳಿಕೊಟ್ಟ ಒಳ್ಳೆಯ ರೂಢಿ.

ಎಚ್‌ಎಸ್‌ಎಫ್1 ಹೆಚ್ಚಿಸುವ ಗುಳಿಗೆ ಬರಬಾರದಾ ಅಂತಲೂ ಕೇಳುತ್ತಾರೆ. ಅದು ಅಷ್ಟು ಸುಲಭ ಇಲ್ಲ. ಕ್ಯಾನ್ಸರ್ ಜೀವಕೋಶಗಳಲ್ಲೂ ಕೆಟ್ಟ ಮಡಿಕೆಯ ಪ್ರೋಟೀನುಗಳು ತುಂಬಿರುತ್ತವೆ. ಅವೂ ಇದೇ ಮುಕಾದಮನ ನೆರವಿನಿಂದ ಬದುಕುತ್ತವೆ. ಎಚ್‌ಎಸ್‌ಎಫ್1 ಇಲ್ಲದ ಇಲಿಗಳಲ್ಲಿ ಗಡ್ಡೆ ಬೆಳೆಯುವುದು ಕಡಿಮೆ ಅಂತ 2007ರಲ್ಲಿ ತೋರಿಸಿದ್ದಾರೆ. ಹಾಗಾಗಿ ಕ್ಯಾನ್ಸರ್ ಮೇಲೆ ಕೆಲಸ ಮಾಡುವವರು ಇದನ್ನು ತಗ್ಗಿಸುವ ದಾರಿ ಹುಡುಕುತ್ತಿದ್ದಾರೆ.

ಈ ವರ್ಷ ಕಾಕಾನ ಮಗ ಯುಗಾದಿಗೆ ಊರಿಗೆ ಬಂದ. ಮೊದಲ ವಾರ ಬೆಳಿಗ್ಗೆ ಹತ್ತರೊಳಗೆ ಹೊಲದಿಂದ ವಾಪಸ್, ಎರಡನೇ ವಾರ ಹನ್ನೊಂದಕ್ಕೆ. "ಇವನಿಗೇನು ನಾಜೂಕು?" ಅಂತ ಓಣಿಯವರು ಕೇಳಿದ್ದಕ್ಕೆ ಕಾಕಾನೇ ಕಟ್ಟೆ ಮೇಲೆ ಕೂತು ಮುಕಾದಮನ ಕಥೆ ಹೇಳಿದರಂತೆ.