ಎದ್ದೇಳುವಾಗ ನಿಧಾನ, ಚಿಕ್ಕಪ್ಪ

7 ಡಿಸೆಂಬರ್ 2025, ಭಾನುವಾರ ರಾತ್ರಿ

ಚಿಕ್ಕಪ್ಪನ ಫೋನು. "ಹಾಟ್ ಟಬ್ಬಿನಲ್ಲಿ, ಅದೇ ಬಿಸಿನೀರಿನ ದೊಡ್ಡ ತೊಟ್ಟಿಯಲ್ಲಿ, ಕೂತರೆ ಮಂಡಿನೋವು ಹೋಗುತ್ತಂತೆ, ನಿಜವೇನೋ? 44 ಡಿಗ್ರಿ ಇಟ್ಟುಕೊಂಡು ಒಂದು ಗಂಟೆ ಕೂತುಬಿಡ್ತೀನಿ." ಫೋನಿನಲ್ಲಿ ಹೇಳಿದ್ದು ಅರ್ಧ. ಉಳಿದದ್ದು ಇಲ್ಲಿ.

ನೋವು ಹೋಗುವುದಿಲ್ಲ, ಹಗುರಾಗುತ್ತದೆ. ಸವೆದ ಕೀಲನ್ನು ಯಾವ ಬಿಸಿನೀರೂ ಸರಿಮಾಡದು. ಆದರೆ ಕತ್ತಿನವರೆಗೆ ನೀರಿದ್ದರೆ ಮೈಭಾರದಲ್ಲಿ ಹತ್ತನೇ ಒಂದು ಪಾಲು ಮಾತ್ರ ಕಾಲಿಗೆ ಬೀಳುತ್ತದೆ, ಸೊಂಟದವರೆಗಿದ್ದರೆ ಸುಮಾರು ಅರ್ಧ. ಬಿಸಿಗೆ ಸುತ್ತಲಿನ ಸ್ನಾಯು ಸಡಿಲವಾಗುತ್ತದೆ. ಆ ಹೊತ್ತಿನಲ್ಲೇ ಮಂಡಿಯನ್ನು ಹತ್ತು ಸಲ ನಿಧಾನಕ್ಕೆ ಮಡಿಸಿ ಚಾಚಬೇಕು. ಸುಮ್ಮನೆ ಒರಗಿ ಕೂತರೆ ಅರ್ಧ ಲಾಭ ನೀರಿಗೇ ಬಿಟ್ಟ ಹಾಗೆ. ಅಂದಹಾಗೆ, ಇಂಥ ಟಬ್ಬಿಗೆ ಹೆಸರಾದ ಜಕೂಝಿ ಮನೆತನದವರು ಟಬ್ಬಿಗೆ ಇಳಿಬಿಡುವ ಪಂಪು ಮಾಡಿದ್ದೇ ಕೀಲುವಾತದ ತಮ್ಮ ಮನೆ ಮಗುವಿಗಾಗಿ.

44 ಡಿಗ್ರಿ ಮಾತ್ರ ಬೇಡವೇ ಬೇಡ. 40 ಮೇಲ್ಮಿತಿ. ಬೆವರು ಆರಿದರೆ ತಾನೆ ಮೈ ತಣ್ಣಗಾಗುವುದು? ನೀರೊಳಗೆ ಅದು ಆರುವುದೆಲ್ಲಿ! ಹೊರಗಿನ ಬಿಸಿ ಒಳಗೆ ಬರುತ್ತಲೇ ಇರುತ್ತದೆ, ಒಳಗಿನದಕ್ಕೆ ದಾರಿಯಿಲ್ಲ. 40ರಲ್ಲಿ 15 ನಿಮಿಷ ಸಾಕು. ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಇಳಿಯಬೇಕು, ಅದೂ 38ಕ್ಕೆ ಇಟ್ಟುಕೊಂಡು. ಪರದೆಯ ಮೇಲಿನ ಅಂಕಿಯನ್ನೇ ನಂಬಬೇಡಿ, ಬೇರೆ ಥರ್ಮಾಮೀಟರನ್ನು ಮೊಣಕೈ ಆಳಕ್ಕೆ ಇಳಿಬಿಟ್ಟು ನೋಡಿ.

ಅಪಾಯ ಕೂರುವುದರಲ್ಲಷ್ಟೇ ಅಲ್ಲ, ಏಳುವುದರಲ್ಲೂ ಇದೆ. ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯತ್ತ ನೂಕಿರುತ್ತದೆ, ಹೆಚ್ಚುಕಮ್ಮಿ 700 ಮಿಲಿ. ಬಿಸಿಗೆ ರಕ್ತನಾಳಗಳೂ ಅಗಲವಾಗಿರುತ್ತವೆ. ತಟ್ಟನೆ ಎದ್ದರೆ ಆ ಒತ್ತಡ ಒಮ್ಮೆಗೇ ತಪ್ಪಿ ಆ ರಕ್ತ ಕಾಲಿಗೆ ಇಳಿಯುತ್ತದೆ, ಕಣ್ಣಿಗೆ ಕತ್ತಲೆ. ಬಿಪಿ ಮಾತ್ರೆ ಇದ್ದರೆ ಇನ್ನೂ ಬೇಗ. ಅದಕ್ಕೇ ಮೊದಲು ಜೆಟ್ (ನೀರನ್ನು ರಭಸದಿಂದ ಚಿಮ್ಮಿಸುವ ನಳಿಕೆ) ನಿಲ್ಲಿಸಿ, ಮೇಲಿನ ಮೆಟ್ಟಿಲಿಗೆ ಬಂದು, ಕಾಲು ನೀರಲ್ಲೇ ಬಿಟ್ಟು ಎರಡು ನಿಮಿಷ ಕೂತಿರಿ. ಆಮೇಲೆ ಕಂಬಿ ಹಿಡಿದು ಏಳಿ. ಮದ್ಯ ಕುಡಿದು ಇಳಿಯುವ ಮಾತೇ ಇಲ್ಲ. ಗರ್ಭಿಣಿಯರು, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ದೂರವಿರಬೇಕು.

ನಿದ್ದೆಗೆ ಒಳ್ಳೆಯದು, ಹೌದು. ಆದರೆ ಟಬ್ಬಿನಿಂದ ನೇರ ಹಾಸಿಗೆಗಲ್ಲ. ಮಲಗುವ ಒಂದೆರಡು ಗಂಟೆ ಮುಂಚೆ, ಹತ್ತು ನಿಮಿಷ. ಅಂಗೈ ಅಂಗಾಲಿನಿಂದ ಬಿಸಿ ಹೊರಹೋಗಿ ಮೈಯೊಳಗಿನ ತಾಪ ಇಳಿಯತೊಡಗಿದಾಗಲೇ ನಿದ್ದೆ ಹತ್ತುವುದು.

ನೀರಿನ ವಿಷಯ ಚಿಕ್ಕಪ್ಪ ಕೇಳಲೇ ಇಲ್ಲ. ಯಾರೂ ಕೇಳುವುದಿಲ್ಲ! ಕ್ರಿಮಿ ಕೊಲ್ಲುವ ಕ್ಲೋರಿನ್ ಕಡಿಮೆಯೆಂದರೂ 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ 3 ಪಾಲು), ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.0ರಿಂದ 7.8. ನೀರು ಪರೀಕ್ಷಿಸುವ ಪಟ್ಟಿ ಅದ್ದಿ ಬಣ್ಣ ನೋಡಿದರೆ ಮುಗಿಯಿತು, ಆದರೆ ಇಳಿಯುವ ಮುಂಚೆ ಪ್ರತಿ ಸಲವೂ ನೋಡಬೇಕು. ಬಿಸಿಗೂ ಜೆಟ್ಟಿನ ಗುಳ್ಳೆಗೂ ಕ್ಲೋರಿನ್ ಬೇಗ ಹಾರಿಹೋಗುತ್ತದೆ, ನಾಲ್ಕು ಮಂದಿಯ ಬೆವರಿಗೆ ಇನ್ನಷ್ಟು ಕರಗುತ್ತದೆ. ಮೂಗಿಗೆ ಬಡಿಯುವ ಘಾಟು ಶುದ್ಧ ನೀರಿನ ಗುರುತಲ್ಲ, ಬೆವರಿನ ಜೊತೆ ಬೆರೆತು ಸೋತ ಕ್ಲೋರಿನ್ನಿನ ನಾತ. ನೀರಿನ ಮಟ್ಟದ ಅಂಚಿಗೆ ಬೆರಳಾಡಿಸಿ. ಲೋಳೆ ಜಾರಿದರೆ ಇಳಿಯಬೇಡಿ. ಅಂಥ ನೀರಲ್ಲಿ ಕೂತು ಬಂದವರಿಗೆ ಒಂದೆರಡು ದಿನದಲ್ಲಿ ಮೈಮೇಲೆ ಕೆಂಪು ಗುಳ್ಳೆ ಏಳುತ್ತದೆ, ಒದ್ದೆ ಬಟ್ಟೆ ಅಂಟಿಕೊಂಡಿದ್ದ ಜಾಗದಲ್ಲೇ ಹೆಚ್ಚು. ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಕೆಲಸ ಅದು. ಅದಾದರೂ ಸಾಮಾನ್ಯವಾಗಿ ತಾನಾಗಿ ಮಾಯುತ್ತದೆ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಹಾಗಲ್ಲ, ಜೆಟ್ ಎಬ್ಬಿಸುವ ತುಂತುರಿನಲ್ಲಿ ಸೀದಾ ಶ್ವಾಸಕೋಶಕ್ಕೆ. 1999ರಲ್ಲಿ ನೆದರ್‌ಲೆಂಡ್ಸ್‌ನ ಬೋವೆನ್‌ಕಾರ್ಸ್ಪೆಲ್ ಹೂವಿನ ಪ್ರದರ್ಶನದಲ್ಲಿ ಟಬ್ಬನ್ನು ಬರೀ ನೋಡಲಿಕ್ಕೆ ಇಟ್ಟಿದ್ದರು. ಪಕ್ಕದಲ್ಲಿ ಹಾದುಹೋದವರಿಗೂ ಸೋಂಕು ತಗುಲಿ ಕನಿಷ್ಠ 32 ಜನ ಸತ್ತರು.

ನೀರು ಬದಲಿಸುವ ಲೆಕ್ಕ: ಟಬ್ಬಿನ ನೀರು ಎಷ್ಟು ಲೀಟರೋ ಅದನ್ನು 11ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವವರ ಸಂಖ್ಯೆಯಿಂದ ಮತ್ತೆ ಭಾಗಿಸಿ. 1200 ಲೀಟರು, ದಿನಕ್ಕೆ ನಾಲ್ವರು ಅಂದರೆ 27 ದಿನ. ಇಳಿಯುವ ಮುಂಚೆ ಸೋಪು ಹಚ್ಚಿ ಮೈ ತೊಳೆದರೆ ಅಷ್ಟು ದಿನವಾದರೂ ನೀರು ತಡೆಯುತ್ತದೆ.

ಚಿಕ್ಕಮ್ಮನೂ ಇಳಿಯುತ್ತಾರಾ? ಕೇಳಲು ಮರೆತೆ. ಅವರಿಗೆ ಶುಗರ್, ಪಾದ ಜೋಮು ಹಿಡಿದಿದೆ ಅನ್ನುತ್ತಿದ್ದರು. ಬಿಸಿ ಗೊತ್ತಾಗದ ಪಾದ ನೀರು ಸುಡುತ್ತಿದೆ ಅಂತ ಹೇಳುವುದೇ ಇಲ್ಲ. ನಾಳೆ ಬೆಳಿಗ್ಗೆಯೇ ಫೋನು ಮಾಡಿ…